ಹೊಳೆ ಒಂದು, ಹಕ್ಕುದಾರರು ಹಲವರು

ಮಳೆಗಾಲದಲ್ಲಿ ಗೋಕಾಕದವರು ತಮ್ಮೂರಿನ ಮುಗಿಲು ನೋಡಿ ಹೊಳೆಯ ಲೆಕ್ಕ ಹಾಕುವುದಿಲ್ಲ. ಅಂಬೋಲಿಯಲ್ಲಿ ಎಷ್ಟು ಸುರಿಯಿತು, ಚಂದಗಡದ ಕಡೆ ಹೇಗಿದೆ, ಹಿಡಕಲ್ ಆಣೆಕಟ್ಟಿನಿಂದ ಎಷ್ಟು ಬಿಟ್ಟಿದ್ದಾರೆ ಎಂದು ವಿಚಾರಿಸುತ್ತಾರೆ. ಊರಲ್ಲಿ ಹದವಾದ ಬಿಸಿಲು ಬಿದ್ದಿರುವಾಗಲೇ ಲೋಳಸೂರ ಸೇತುವೆಗೆ ನೀರು ತಾಗುವುದುಂಟು. ಮಹಾರಾಷ್ಟ್ರದ ಗಡಿಯಲ್ಲಿರುವ ಅಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆಯಾಗುತ್ತದೆ. ಅಲ್ಲಿಂದ ನೂರು ಕಿಲೋಮೀಟರಿನೊಳಗೇ ಇರುವ ಗೋಕಾಕಕ್ಕೆ ಅದರ ಹತ್ತರಲ್ಲೊಂದು ಪಾಲೂ ದಕ್ಕುವುದಿಲ್ಲ. ಸುರಿಯುವುದು ಘಟ್ಟದಲ್ಲಿ, ಬೇಕಾಗಿರುವುದು ಬಯಲಿನಲ್ಲಿ. ಘಟಪ್ರಭೆಯ ಕಣಿವೆಯ ಕತೆಯೆಲ್ಲ ಹುಟ್ಟಿದ್ದು ಈ ಅಂತರದಿಂದ.

ನದಿ ಹುಟ್ಟುವುದು ಸಹ್ಯಾದ್ರಿಯಲ್ಲಿ, ಸಮುದ್ರಮಟ್ಟದಿಂದ 884 ಮೀಟರ್ ಎತ್ತರದಲ್ಲಿ. ಪೂರ್ವಕ್ಕೆ 283 ಕಿಲೋಮೀಟರ್ ಹರಿದು ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ದಾರಿಯಲ್ಲಿ ತಾಮ್ರಪರ್ಣಿ, ಹಿರಣ್ಯಕೇಶಿ, ಮಾರ್ಕಂಡೇಯ ಅದಕ್ಕೆ ಕೂಡಿಕೊಳ್ಳುತ್ತವೆ. ಹಿರಣ್ಯಕೇಶಿ ಗಡಹಿಂಗ್ಲಜ ದಾಟಿ ಸಂಕೇಶ್ವರದ ಮಗ್ಗುಲಿಂದ ಬರುತ್ತದೆ. ಮಾರ್ಕಂಡೇಯ ಗೊಡಚಿನಮಲ್ಕಿಯಲ್ಲಿ ಬಂಡೆಗಳ ಮೇಲಿಂದ ಧುಮುಕಿ ಗೋಕಾಕದ ಸಮೀಪ ಕೂಡುತ್ತದೆ.

ಬೆಳಗಾವಿ ಜಿಲ್ಲೆಯ ಮೂರು ತಾಲ್ಲೂಕುಗಳು ಈ ನೀರಿನ ದಾರಿಯಲ್ಲಿ ಸಾಲಾಗಿ ಕೂತಿವೆ. ಪಶ್ಚಿಮಕ್ಕೆ ಹುಕ್ಕೇರಿ. ಗುಡ್ಡ, ಮಡ್ಡಿ, ಗಡಿಯಾಚೆಗಿನ ಕೊಲ್ಹಾಪುರದ ಗಾಳಿ, ಕನ್ನಡ, ಮರಾಠಿ ಎರಡೂ ಆಡುವ ಸಂತೆಗಳು. ನಡುವೆ ಗೋಕಾಕ. ಮರಳುಗಲ್ಲಿನ ಕಡಿದಾದ ಗುಡ್ಡಗಳು, ಅವುಗಳ ಬುಡಕ್ಕೆ ಅಂಟಿಕೊಂಡ ಪಟ್ಟಣ. ಆಚೆಗೆ ಕಣ್ಣು ಹಾಯುವಷ್ಟು ಎರೆಭೂಮಿಯ ಮೂಡಲಗಿ. ಆಡಳಿತದ ನಕಾಶೆಯಲ್ಲಿ ಮೂಡಲಗಿ ಬೇರೆ ತಾಲ್ಲೂಕಾದದ್ದು ಮೊನ್ನೆ ಮೊನ್ನೆ, ಆದರೆ ಹೊಳೆಯ ಲೆಕ್ಕದಲ್ಲಿ ಮೂರಕ್ಕೂ ಹಳೆಯ ಪಾಲುದಾರಿಕೆ. ನೀರನ್ನು ತಡೆದು ನಿಲ್ಲಿಸುವ ಶಕ್ತಿ ಯಾರ ಕೈಯಲ್ಲಿತ್ತು ಎಂಬುದರ ಮೇಲೆ ಇಲ್ಲಿನ ಊರುಗಳ ನಸೀಬು ಬದಲಾಗುತ್ತ ಬಂದಿದೆ. ಮೊದಲು ಕಂಪನಿ, ಆಮೇಲೆ ಸರ್ಕಾರ, ಅದರ ಜತೆಜತೆಗೇ ರೈತರ ಸಂಘ.

ಕಲ್ಲು, ತಾಮ್ರಪಟ, ಕೋಟೆ

ಮನುಷ್ಯರು ಈ ಕಣಿವೆಗೆ ಬಂದು ನೆಲೆಸಿದ್ದು ಬಲು ಹಿಂದೆ. ಗೋಕಾಕ ಜಲಪಾತಕ್ಕೆ ಹತ್ತಿರದ ಕೊಣ್ಣೂರಿನಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. ಗೋಕಾಕದಲ್ಲಿ ದೊರೆತ ತಾಮ್ರಪಟವೊಂದು ಸುಮಾರು 6ನೇ ಶತಮಾನದ್ದು. ರಾಷ್ಟ್ರಕೂಟ ವಂಶದ ದೆಜ್ಜ ಮಹಾರಾಜನ ಹೆಸರು ಅದರಲ್ಲಿದೆ. ಸೇಂದ್ರಕರ ಇಂದ್ರಣಂದ ಎಂಬವನು ಜೈನ ಆಚಾರ್ಯ ಆರ್ಯಣಂದಿಗೆ ಭೂಮಿ ಕೊಟ್ಟ ಸಂಗತಿಯನ್ನು ಅದು ಹೇಳುತ್ತದೆ. ಮಾನ್ಯಖೇಟದ ರಾಷ್ಟ್ರಕೂಟರು ಮೇಲೇಳುವುದಕ್ಕಿಂತ ಎರಡು ಶತಮಾನ ಮೊದಲೇ ಆ ಹೆಸರಿನ ಮನೆತನವೊಂದು ಈ ಕಡೆ ಕಾಣಿಸಿಕೊಂಡದ್ದಕ್ಕೆ ಈ ಪಟವೇ ಸಾಕ್ಷಿ. 1047ರ ಶಾಸನವೊಂದರಲ್ಲಿ ಊರಿನ ಹೆಸರು ಗೋಕಾಗೆ ಎಂದು ಬರುತ್ತದೆ.

ಮುಂದೆ ಸವದತ್ತಿಯ ರಟ್ಟರ ಕಾಲ. ಕೂಂಡಿ ಮೂರು ಸಾವಿರ ನಾಡನ್ನಾಳಿದ ಈ ಜೈನ ಒಲವಿನ ಅರಸರು ಕೊನೆಗೆ ವೇಣುಗ್ರಾಮವನ್ನು, ಅಂದರೆ ಇಂದಿನ ಬೆಳಗಾವಿಯನ್ನು, ರಾಜಧಾನಿ ಮಾಡಿಕೊಂಡರು. ಈಗ ಹನುಮಪ್ಪನ ಗುಡಿಯಿಂದ ಹೆಸರಾದ, ಮೂಡಲಗಿ ಸೀಮೆಯ ಕಲ್ಲೋಳಿಯಲ್ಲಿ 1204ರ ಶಾಸನವಿದೆ, ನಾಲ್ಕನೆಯ ಕಾರ್ತವೀರ್ಯನ ಕಾಲದ್ದು, ಜೈನ ಬಸದಿಗೆ ಸಂಬಂಧಿಸಿದ್ದು. ಜಲಪಾತದ ದಂಡೆಯಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ ಇಂದಿಗೂ ನಿಂತಿದೆ. ಜೈನರು ಬಂದರು, ಶೈವರು ಬಂದರು, ಕಣಿವೆ ಯಾರನ್ನೂ ಪೂರ್ತಿ ಹೊರಗೆ ಕಳಿಸಲಿಲ್ಲ.

ಬಿಜಾಪುರದ ಆದಿಲಶಾಹಿಗಳ ಕಾಲಕ್ಕೆ ತೂಕ ಹುಕ್ಕೇರಿಯ ಕಡೆ ವಾಲಿತು. ಕೊಂಕಣದ ಬಂದರುಗಳಿಂದ ಘಟ್ಟ ಹತ್ತಿ ಬರುವ ಸರಕು ಬಿಜಾಪುರದತ್ತ ಸಾಗುತ್ತಿದ್ದ ಸೀಮೆಯಿದು. ಊರಿನ ಮೇಲೆ ಇಂದಿಗೂ ತಲೆಯೆತ್ತಿರುವ ಗುಂಬಜಗಳು ಆ ದಿನಗಳವು. ಸಂಕೇಶ್ವರದ ಹತ್ತಿರ ಹರಗಾಪುರದ ಗುಡ್ಡದ ಮೇಲಿನ ವಲ್ಲಭಗಡ ಮರಾಠರ ದಿನಗಳನ್ನು ನೆನಪಿಸುತ್ತದೆ. 1685ರ ಹೊತ್ತಿಗೆ ಗೋಕಾಕ ಒಂದು ಸರ್ಕಾರದ, ಎಂದರೆ ಆಗಿನ ಜಿಲ್ಲೆಯ, ಮುಖ್ಯ ಠಾಣೆ. 1717ರಿಂದ 1754ರವರೆಗೆ ಸವಣೂರಿನ ನವಾಬರು ಆಳಿ ಇಲ್ಲಿ ಮಸೀದಿ ಕಟ್ಟಿಸಿದರು. ಅನಂತರ ಪೇಶ್ವೆಗಳ ಸರದಾರರಾದ ಪಟವರ್ಧನರ ಕೈಸೇರಿತು. 1836ರಲ್ಲಿ ಗೋವಿಂದರಾವ್ ಪಟವರ್ಧನರು ತೀರಿಕೊಂಡ ಮೇಲೆ ಗೋಕಾಕ ಮತ್ತು ಅದರ ಸೀಮೆ ಇಂಗ್ಲಿಷರ ಪಾಲಾಯಿತು. ಈ ಎಲ್ಲ ಆಳ್ವಿಕೆಗಳಲ್ಲಿ ಭೂಮಿಯ ಮೇಲೆ ಕಂದಾಯವಿತ್ತು, ಸಂತೆಯ ಮೇಲೆ ಸುಂಕವಿತ್ತು. ಘಟಪ್ರಭೆ ಮಾತ್ರ ಯಾರ ದಫ್ತರಿಗೂ ಸಿಗದೆ ಮಳೆಗಾಲದಲ್ಲಿ ಮೊರೆದು, ಬೇಸಿಗೆಯಲ್ಲಿ ಬಂಡೆಗಳ ನಡುವೆ ಬಡವಾಗಿ ಹರಿಯುತ್ತಿತ್ತು.

ಕಂಪನಿ ಬಂದು ಧುಮುಕನ್ನು ಅಳೆದದ್ದು

1876ರಿಂದ 78ರವರೆಗೆ ಬಿದ್ದ ಬರ ಈ ಕಡೆಯ ಜನರ ನೆನಪಿನಲ್ಲಿ ಉಳಿದಿದೆ. ಎರೆಭೂಮಿ ಬಿರಿಯಿತು, ಜೋಳದ ಹಗೇವುಗಳು ಬರಿದಾದವು, ಊರಿಗೆ ಊರೇ ಗುಳೆ ಎದ್ದಿತು. ಅಷ್ಟು ದೊಡ್ಡ ನದಿ ಪಕ್ಕದಲ್ಲೇ ಹರಿದುಹೋಗುತ್ತಿರುವಾಗ ಜನ ಹಸಿದು ಸತ್ತದ್ದು ಮುಂಬಯಿ ಸರ್ಕಾರದ ಎಂಜಿನಿಯರುಗಳನ್ನು ಕಾಡಿತು. ಅದೇ ಹೊತ್ತಿಗೆ ಮುಂಬಯಿಯ ಬಂಡವಾಳಗಾರರು ಇದೇ ನದಿಯನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದರು.

ಗೋಕಾಕ ಪಟ್ಟಣಕ್ಕೆ ಆರೇಳು ಕಿಲೋಮೀಟರ್ ದೂರದಲ್ಲಿ ನದಿ ಮರಳುಗಲ್ಲಿನ ಅಂಚಿಗೆ ಬಂದು ಒಮ್ಮೆಲೇ 52 ಮೀಟರ್ ಕೆಳಗೆ ಬೀಳುತ್ತದೆ. ಕುದುರೆ ಲಾಳದ ಆಕಾರದ ಅಂಚು, ತುಂಬಿದಾಗ 177 ಮೀಟರ್ ಅಗಲ. ನೋಡುವವರಿಗೆ ಅದು ಚೆಲುವು, ಗಿರಣಿ ಮಾಲೀಕರಿಗೆ ಪುಕ್ಕಟೆ ಬಲ. ಆ ಕಾಲದಲ್ಲಿ ಹತ್ತಿ ಗಿರಣಿಯ ದೊಡ್ಡ ಖರ್ಚೆಂದರೆ ಕಲ್ಲಿದ್ದಲು. ಕಲ್ಲಿದ್ದಲಿನ ಗಣಿಗಳೆಲ್ಲ ಬಹುದೂರ, ಆದರೆ ಹತ್ತಿ ಬೆಳೆಯುವ ಎರೆಭೂಮಿ ಸುತ್ತಮುತ್ತಲೇ ಇತ್ತು, ರೈಲು ಹಾದಿಯೂ ಹತ್ತಿರ ಬರುವುದರಲ್ಲಿತ್ತು. 1885ರಲ್ಲಿ ಗೋಕಾಕ್ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. 1887ರಲ್ಲಿ ಗಿರಣಿ ನೂಲು ತೆಗೆಯತೊಡಗಿತು. ಹೆಸರಿನಲ್ಲಿ ನೀರು ಮೊದಲು, ನೂಲು ಆಮೇಲೆ.

ಜಲಪಾತದ ಬಳಿ ನಿಂತು ನೋಡಿದರೆ ಅಂದಿನ ಎಂಜಿನಿಯರುಗಳ ಉಪಾಯ ಬರಿಗಣ್ಣಿಗೇ ತಿಳಿಯುತ್ತದೆ. ಧುಮುಕುವ ಅಂಚಿಗೆ ಬರುವ ಮೊದಲೇ ನೀರಿನ ಒಂದು ಪಾಲನ್ನು ದಂಡೆಗುಂಟ ಕಾಲುವೆಗೆ ತಿರುಗಿಸಿದ್ದಾರೆ. ಅಲ್ಲಿಂದ ಕಬ್ಬಿಣದ ಕೊಳವೆಗಳು ಕಡಿದಾದ ಬಂಡೆಯನ್ನು ಅಪ್ಪಿಕೊಂಡು ಕಂದರದ ತಳಕ್ಕಿಳಿಯುತ್ತವೆ. ತಳದಲ್ಲಿ ಪವರ್‌ಹೌಸು, ಒಳಗೆ ಟರ್ಬೈನು. ಕೆಲಸಗಾರರು ಅಲ್ಲಿಗೆ ಇಳಿಯಲು ಹಗ್ಗದ ಟ್ರಾಲಿ ಹಾಕಿದರು. ಜಲಪಾತದ ಮೇಲ್ಗಡೆ, ನದಿಯ ಬಂಡೆಪಾತ್ರದಿಂದ 14 ಮೀಟರ್ ಎತ್ತರದಲ್ಲಿ, 201 ಮೀಟರ್ ಉದ್ದದ ತೂಗುಸೇತುವೆ ಎರಡು ದಂಡೆಗಳನ್ನು ಕೂಡಿಸಿತು. ಹೆಜ್ಜೆಯಿಟ್ಟರೆ ತುಸು ಓಲಾಡುವ ಆ ಸೇತುವೆಯ ಮೇಲೆ ಮಳೆಗಾಲದಲ್ಲಿ ನಿಂತರೆ ಕೆಂಪು ನೀರಿನ ಸದ್ದಿಗೆ ಪಕ್ಕದವರ ಮಾತು ಕೇಳಿಸದು. ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟು ಹರಿದದ್ದು 1902ರಲ್ಲಿ. ಅದಕ್ಕೆ ಹದಿನೈದು ವರ್ಷ ಮೊದಲೇ ಗೋಕಾಕ ಜಲಪಾತ ಕಾರ್ಖಾನೆಯ ಚಾಕರಿಗೆ ನಿಂತಾಗಿತ್ತು.

ಗಿರಣಿಯ ಸುತ್ತ ಗೋಕಾಕ ಫಾಲ್ಸ್ ಎಂಬ ಊರೇ ಬೆಳೆಯಿತು. ಸುತ್ತಲಿನ ಹಳ್ಳಿಗಳಲ್ಲಿ ಸುಗ್ಗಿಯ ಲೆಕ್ಕದಲ್ಲಿ ಬದುಕುತ್ತಿದ್ದ ಒಕ್ಕಲು ಮಕ್ಕಳು ಪಾಳಿಯ ಲೆಕ್ಕ ಕಲಿತರು. ಮಳೆ ಬಂದರೆ ಊಟ ಎಂಬಲ್ಲಿ ತಿಂಗಳ ಪಗಾರ ಬಂತು. ಕಾರ್ಮಿಕ ಸಂಘಟನೆ, ಮುಷ್ಕರ, ಬೋನಸ್ಸು ಎಂಬ ಮಾತುಗಳೆಲ್ಲ ಈ ಭಾಗದ ಹಳ್ಳಿಗಳಿಗೆ ಮೊದಲು ಮುಟ್ಟಿದ್ದು ಗಿರಣಿಯ ಮುಖಾಂತರವೇ. ಆದರೆ ಗಿರಣಿಯ ಬೆಳಕು ಗಿರಣಿಯ ವಠಾರದಲ್ಲೇ ನಿಂತಿತು. ಪಕ್ಕದ ಹಳ್ಳಿಗಳ ಚಿಮಣಿ ದೀಪ ಮುಂದೆ ಅನೇಕ ದಶಕ ಆರಲಿಲ್ಲ.

ಸರ್ಕಾರದ ಪಾಲಿನ ಕೆಲಸ ಮೇಲ್ಗಡೆ ಧೂಪದಾಳದಲ್ಲಿ ನಡೆಯಿತು. ಅಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡು 1897ರಲ್ಲಿ ಪೂರ್ತಿಗೊಂಡಿತು. ಅದರ ಎಡಕ್ಕೆ ಹೊರಟ ಗೋಕಾಕ ಕಾಲುವೆ ಎರೆಭೂಮಿಗೆ ಮೊದಲ ನೀರು ತಂದಿತು. ನಿಂತ ನೀರು ಕೆಳಗಿನ ಗಿರಣಿಗೂ ಒದಗಿತು. ಹೀಗೆ ಬಂಡವಾಳ ಮತ್ತು ಬರಪರಿಹಾರ ಎರಡೂ ಒಂದೇ ನೀರಿಗೆ ಬಾಯಿಟ್ಟವು. ಆ ಹಿನ್ನೀರಿಗೆ ಚಳಿಗಾಲದಲ್ಲಿ ದೂರದೇಶದ ಕೊಕ್ಕರೆ, ಕರ್ಕರೆ ಕ್ರೌಂಚಗಳು ಬಂದಿಳಿಯುತ್ತವೆ. 1974ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿದರು.

ಪೇಟೆ, ಪಾಠಶಾಲೆ, ಪಾರಿಜಾತ

ಗಿರಣಿ ಬರುವ ಮೊದಲು ಗೋಕಾಕ ಪಟ್ಟಣ ಕೈಕಸುಬಿನ ಊರು. ನೇಕಾರಿಕೆ, ಬಣ್ಣಗಾರಿಕೆ ಹೆಸರಾಗಿದ್ದವು, ಒರಟು ಕಾಗದವನ್ನೂ ಮಾಡುತ್ತಿದ್ದರು. ಗಿರಣಿ ನೂಲಿನೆದುರು ಇವುಗಳಲ್ಲಿ ಹೆಚ್ಚಿನವು ಸೋತವು. ಉಳಿದು ಬಂದದ್ದು ಗೊಂಬೆ. ಹಗುರ ಕಟ್ಟಿಗೆಯಲ್ಲಿ ಕೆತ್ತಿ, ಸುತ್ತಲಲ್ಲೇ ಸಿಗುವ ಮಣ್ಣನ್ನು ಮೆತ್ತಿ ನುಣುಪು ಮಾಡಿ, ಮೇಲೆ ಬಣ್ಣ ಹಚ್ಚಿದ ಹಣ್ಣು, ಕಾಯಿ, ದೇವರು, ಮನುಷ್ಯರು. ತಟ್ಟೆಯಲ್ಲಿಟ್ಟ ಗೋಕಾಕದ ಬಾಳೆಹಣ್ಣನ್ನು ಸುಲಿಯಲು ಹೋದ ನೆಂಟರ ಕತೆ ಈ ಭಾಗದ ಮನೆಗಳಲ್ಲಿ ಚಾಲ್ತಿಯಲ್ಲಿದೆ.

ಊರಿನ ಇನ್ನೊಂದು ಹೆಮ್ಮೆ ಕರದಂಟು. ಗಿಡದ ಅಂಟನ್ನು ತುಪ್ಪದಲ್ಲಿ ಹಾಕಿದೊಡನೆ ಅದು ಚಟಪಟನೆ ಅರಳುತ್ತದೆ. ಅರಳಿದ್ದನ್ನು ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ, ಗಸಗಸೆ, ಜಾಜಿಕಾಯಿ ಪುಡಿಯ ಜತೆ ಬೆಲ್ಲದ ಪಾಕಕ್ಕೆ ಸುರಿದು, ಪಾಕ ಗಟ್ಟಿಯಾಗುವ ಮುನ್ನ ತಾಟಿಗೆ ಬಡಿಯಬೇಕು. ಪಾಕ ಒಂದೆಳೆ ಹೆಚ್ಚಾದರೆ ಹಲ್ಲಿಗೆ ಬಗ್ಗದು, ಕಡಿಮೆಯಾದರೆ ಕೈಗೆ ಅಂಟುತ್ತದೆ. ಬಾಣಂತಿಯರ ಮನೆಮದ್ದು ಪೇಟೆಯ ಸಿಹಿಯಾಗಿ ಬೆಳೆದು ಈಗ ಮುಂಬಯಿ, ಪುಣೆಗಳ ಬಸ್ಸು ಹತ್ತುತ್ತದೆ. ಅದಕ್ಕೆ ಬೇಕಾದ ಬೆಲ್ಲ ಬರುವುದು ಇದೇ ಕಣಿವೆಯ ಆಲೆಮನೆಗಳಿಂದ.

19ನೇ ಶತಮಾನದ ನಡುವಿನಲ್ಲೇ ಇಲ್ಲಿ ಪುರಸಭೆ ಬಂತು. ಅದು ನಡೆಸಿದ ಮುನ್ಸಿಪಲ್ ಹೈಸ್ಕೂಲು ಕನ್ನಡ ಸಾಹಿತ್ಯಕ್ಕೆ ಮಾಡಿದ ಉಪಕಾರ ದೊಡ್ಡದು. ಮನೆಮನೆಗಳಲ್ಲಿ ಓದಿಸಿಕೊಂಡ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಅಲ್ಲಿ ಮಾಸ್ತರರಾಗಿದ್ದರು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಬಡ ಕಂಬಾರರ ಮನೆಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಅದೇ ಶಾಲೆಯಲ್ಲಿ ಕಲಿತರು. ಬಡತನದಿಂದ ಓದು ನಿಲ್ಲುವ ಹೊತ್ತಿಗೆ ಸವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಕೈಹಿಡಿದರು. ಕಂಬಾರರ ಶಿವಾಪುರವೆಂಬ ಕಲ್ಪಿತ ಊರಿನಲ್ಲಿ ಹರಿಯುವ ಹೊಳೆ ಯಾವುದೆಂದು ಘೋಡಗೇರಿಯವರಿಗೆ ಹೇಳಿಕೊಡಬೇಕಾಗಿಲ್ಲ. ಗೋಕಾಕ ತಾಲ್ಲೂಕಿನ ಬೆಟಗೇರಿಯಿಂದ ಬಂದವರು ಆನಂದಕಂದ ಎಂಬ ಹೆಸರಿನ ಬೆಟಗೇರಿ ಕೃಷ್ಣಶರ್ಮರು. ‘ಜಯಂತಿ’ ಪತ್ರಿಕೆ ನಡೆಸಿ ಉತ್ತರದ ನುಡಿಗೆ ಅಚ್ಚಿನ ಮನೆ ಕೊಟ್ಟರು. ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ‘ಜ್ವಾಲಾಮುಖಿಯ ಮೇಲೆ’ ಬರೆದರು. ಮಠದ ಹೊಸ್ತಿಲು, ಶೋಷಣೆ, ಚಳವಳಿ ಅವರ ಕಾದಂಬರಿಗಳ ವಸ್ತುವಾದವು. 1982ರ ಕನ್ನಡ ಚಳವಳಿಗೆ ಅಂಟಿಕೊಂಡ ಗೋಕಾಕ ಎಂಬ ಹೆಸರು ಮಾತ್ರ ಊರಿನದಲ್ಲ, ವರದಿ ಕೊಟ್ಟ ವಿ.ಕೃ. ಗೋಕಾಕರದು. ಅವರು ಹುಟ್ಟಿದ್ದು ಸವಣೂರಿನಲ್ಲಿ.

ಅಚ್ಚಿಗಿಂತ ಮೊದಲೇ ಈ ನಾಡಿಗೆ ಆಟವಿತ್ತು. ಅಪರಾಳ ತಮ್ಮಣ್ಣ ಬರೆದ ಶ್ರೀಕೃಷ್ಣ ಪಾರಿಜಾತವನ್ನು ತಿದ್ದಿ, ಹಾಡು ಸೇರಿಸಿ, ಮಂದಿಯ ಬಾಯಿಗೆ ಹತ್ತಿಸಿದವನು ಕುಲಗೋಡ ತಮ್ಮಣ್ಣ, ಇದೇ ಎರೆಸೀಮೆಯವನು. ಸ್ವರ್ಗದ ಪಾರಿಜಾತದ ಹೂವು ರುಕ್ಮಿಣಿಗೆ ದಕ್ಕಿತೆಂದು ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ, ಕೃಷ್ಣ ವೇಷ ಮರೆಸಿಕೊಂಡು ಬಂದು ಒಲಿಸುತ್ತಾನೆ. ಕತೆ ಇಷ್ಟೇ. ಆದರೆ ಭಾಮೆಯ ಒಂದೊಂದು ಮಾತಿಗೂ ಭಾಗವತ ಅಡ್ಡ ಮಾತು ಹಾಕುತ್ತ ಹೋದಂತೆ ಊರಿನ ಗಂಡಹೆಂಡಿರ ಜಗಳವೆಲ್ಲ ರಂಗಕ್ಕೆ ಬಂದುಬಿಡುತ್ತದೆ, ಬೆಳಕು ಹರಿದದ್ದೇ ತಿಳಿಯುವುದಿಲ್ಲ. ಗಂಡಸರೇ ಹೆಣ್ಣು ವೇಷ ಕಟ್ಟುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ರಂಗಕ್ಕಿಳಿದು, ತನ್ನದೇ ಮೇಳ ಕಟ್ಟಿ ಊರೂರು ತಿರುಗಿದಳು.

ಸವಳಗಿಯ ಮಠದಲ್ಲಿ ಶಿವಲಿಂಗೇಶ್ವರರಿಗೂ ಕಲಬುರಗಿಯ ಸೂಫಿ ಸಂತ ಬಂದೇನವಾಜರಿಗೂ ಇದ್ದ ಗೆಳೆತನದ ಐತಿಹ್ಯವನ್ನು ಇಂದಿಗೂ ಹೇಳುತ್ತಾರೆ. ಇಬ್ಬರೂ ಪರಸ್ಪರ ಗೌರವಿಸಿದರೆಂಬ ನಂಬಿಕೆ ಅಲ್ಲಿನ ಆಚರಣೆಗಳಲ್ಲಿ ಉಳಿದಿದೆ. ಮೂಡಲಗಿಗೆ ಶಿವಬೋಧರಂಗರ ಮಠ, ಹುಕ್ಕೇರಿ ತಾಲ್ಲೂಕಿಗೆ ನಿಡಸೋಸಿಯ ದುರದುಂಡೀಶ್ವರ ಮಠ, ಸಂಕೇಶ್ವರಕ್ಕೆ ಶಂಕರಲಿಂಗನ ಗುಡಿ ಮತ್ತು ಶಂಕರಾಚಾರ್ಯ ಪೀಠ. ಗೋಕಾಕದ ಗ್ರಾಮದೇವತೆ ಲಕ್ಷ್ಮೀದೇವಿಯ ಜಾತ್ರೆ ಐದು ವರ್ಷಕ್ಕೊಮ್ಮೆ. ಆಗ ಹೊರಗೆ ಹೋದ ಹೆಣ್ಣುಮಕ್ಕಳು, ಕೆಲಸಕ್ಕೆ ಹೋದ ಗಂಡುಮಕ್ಕಳು ಎಲ್ಲರೂ ಊರಿಗೆ ಬರಲೇಬೇಕು. ಮಠ, ಜಾತ್ರೆಗಳ ಜತೆಗೆ ಸೇವೆಯ ನೆಲೆಗಳೂ ಬಂದವು. ಘಟಪ್ರಭಾ ರೈಲ್ವೆ ಸ್ಟೇಷನ್ನಿನ ಬಳಿ 1929ರಲ್ಲಿ ಡಾ. ಕೊಕಟನೂರ ಮತ್ತು ಸಂಗಡಿಗರು ಕಟ್ಟಿದ ಕರ್ನಾಟಕ ಆರೋಗ್ಯಧಾಮ ಹಳ್ಳಿಗರಿಗೆ ಚಿಕಿತ್ಸೆ ತಂದಿತು. ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರ ಕಾರ್ಯಕ್ಷೇತ್ರವೂ ಘಟಪ್ರಭೆಯೇ. ಸ್ವಾತಂತ್ರ್ಯ ಹೋರಾಟದ ಶಿಸ್ತನ್ನು ಇಲ್ಲಿನ ತರುಣರು ಅವರ ಶಿಬಿರಗಳಲ್ಲಿ ಕಲಿತರು.

ಹುಕ್ಕೇರಿಯವರು ಕರೆಂಟು ಕಟ್ಟಿದ್ದು

1956ರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಆದರೆ ಹುಕ್ಕೇರಿ ಸೀಮೆ ಮುಂಬಯಿ ಕಡೆಯ ಒಂದು ಪಾಠವನ್ನು ಬಿಡಲಿಲ್ಲ. ಅದು ಸಹಕಾರ. ಕೊಲ್ಹಾಪುರದಲ್ಲಿ ರೈತರೇ ಷೇರು ಹಾಕಿ ಸಕ್ಕರೆ ಕಾರ್ಖಾನೆ ಕಟ್ಟುತ್ತಿದ್ದುದನ್ನು ಗಡಿಯಿಂದಲೇ ನೋಡುತ್ತಿದ್ದವರು ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದರು. ಆ ಕೆಲಸದ ಮುಂದಾಳು ಅಪ್ಪಣಗೌಡ ಪಾಟೀಲರು. ಅದರ ಬೆನ್ನಿಗೇ ಅವರ ಪೀಳಿಗೆ ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿತು.

ಅಮೆರಿಕದಲ್ಲಿ 1930ರ ದಶಕದಲ್ಲಿ ಖಾಸಗಿ ಕಂಪನಿಗಳು ಹಳ್ಳಿಗಳಿಗೆ ಕರೆಂಟು ಒಯ್ಯಲು ಲಾಭವಿಲ್ಲವೆಂದು ಹಿಂಜರಿದಾಗ ರೈತರೇ ಸಂಘ ಕಟ್ಟಿ ಕಂಬ ನೆಟ್ಟಿದ್ದರು. ಆ ಮಾದರಿಯನ್ನು ಭಾರತದಲ್ಲೂ ಪರೀಕ್ಷಿಸಿ ನೋಡಲು ಆರಿಸಿದ ಮೊದಲ ಐದು ಸ್ಥಳಗಳಲ್ಲಿ ಹುಕ್ಕೇರಿ ಒಂದು. ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಆಗಿನ ಆಂಧ್ರದ ಸಿರಸಿಲ್ಲ, ಉತ್ತರ ಪ್ರದೇಶದ ಲಖನೌ ಉಳಿದವು. 1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಕರೆಂಟನ್ನು ಸಗಟಾಗಿ ಕೊಂಡು, ತನ್ನದೇ ಕಂಬ, ತಂತಿ, ಲೈನ್‌ಮನ್‌ಗಳ ಮೂಲಕ ಮನೆಗೆ, ಪಂಪ್‌ಸೆಟ್ಟಿಗೆ ಮುಟ್ಟಿಸಿ, ತನ್ನದೇ ಬಿಲ್ಲು ಕೊಡುವ ಸಂಘ. ಕರ್ನಾಟಕದಲ್ಲಿ ಇಂಥದು ಇನ್ನೊಂದಿಲ್ಲ. ಮುಳಾ-ಪ್ರವರಾ ಸಂಘ 2011ರಲ್ಲಿ ಪರವಾನಗಿ ಕಳೆದುಕೊಂಡಿತು, ಹುಕ್ಕೇರಿಯದು ಉಳಿದಿದೆ.

ಇದರ ಮಹತ್ವ ತಿಳಿಯಲು ಗೋಕಾಕ ಗಿರಣಿಯ ಪಕ್ಕದಲ್ಲಿಟ್ಟು ನೋಡಬೇಕು. 1887ರಲ್ಲಿ ನದಿಯ ಬಲ ಷೇರುದಾರರದಾಯಿತು, ಷೇರುದಾರರು ಮುಂಬಯಿಯಲ್ಲಿದ್ದರು. 1969ರ ಸಂಘದಲ್ಲೂ ಷೇರಿತ್ತು, ಆದರೆ ಷೇರುದಾರ ಹುಕ್ಕೇರಿಯ ಒಕ್ಕಲಿಗನೇ. ತಂತಿ ಕಡಿದರೆ ಯಾರ ಮನೆಯ ಬಾಗಿಲು ಬಡಿಯಬೇಕೆಂದು ಅವನಿಗೆ ಗೊತ್ತಿತ್ತು, ನಿರ್ದೇಶಕನನ್ನು ಓಟು ಹಾಕಿ ಇಳಿಸುವುದೂ ಗೊತ್ತಿತ್ತು. ಸಂಘದ ಚುನಾವಣೆ ವಿಧಾನಸಭೆಯ ಚುನಾವಣೆಗಿಂತ ಕಾವೇರುವುದು ಈ ಕಾರಣದಿಂದ. 2025ರ ಸೆಪ್ಟೆಂಬರಿನಲ್ಲಿ ಜಿಲ್ಲೆಯ ದೊಡ್ಡ ರಾಜಕೀಯ ಮನೆತನಗಳೆಲ್ಲ ಅದರಲ್ಲಿ ತೊಡೆ ತಟ್ಟಿದವು. ಸಹಕಾರ ಎಂದರೆ ಗುಂಪುಗಾರಿಕೆಯೂ ಬರುತ್ತದೆ, ದೊಡ್ಡ ಒಕ್ಕಲುಗಳ ದರ್ಬಾರೂ ಬರುತ್ತದೆ. ಆದರೆ ಜಗಳವಾಡಲು ಬೆಂಗಳೂರಿಗೋ ಮುಂಬಯಿಗೋ ಹೋಗಬೇಕಿಲ್ಲವೆಂಬುದು ಸಣ್ಣ ಮಾತಲ್ಲ.

ಅದೇ ತಾಲ್ಲೂಕಿನ ಹಿಡಕಲ್ಲಿನಲ್ಲಿ ಸರ್ಕಾರ ದೊಡ್ಡ ಆಣೆಕಟ್ಟು ಕಟ್ಟಿತು. 1977ರಲ್ಲಿ ಪೂರ್ತಿಯಾದ ಅದರ ಸಂಗ್ರಹ 51 ಟಿಎಂಸಿ. ವಂಟಮುರಿಯ ಸಂಸ್ಥಾನಿಕರೂ ವಿದ್ಯಾದಾನಿಗಳೂ ಆದ ರಾಜಾ ಲಖಮಗೌಡರ ಹೆಸರನ್ನು ಅದಕ್ಕಿಟ್ಟರು. ಕಾಲುವೆಗಳು ಉದ್ದವಾದವು, ಬಾಗಲಕೋಟೆ ಸೀಮೆಯವರೆಗೂ ಹಸಿರು ಹರಿಯಿತು, ಬೆಳಗಾವಿ ನಗರಕ್ಕೆ ಕುಡಿಯುವ ನೀರು ಬಂತು. ಇದಕ್ಕಾಗಿ ಹೊಲ, ಮನೆ ಬಿಟ್ಟು ಎದ್ದವರು ಹಿನ್ನೀರಿನ ಹಳ್ಳಿಗರು. ಹುನ್ನೂರಿನ ವಿಠ್ಠಲ ಗುಡಿ ವರ್ಷದ ಬಹುಪಾಲು ನೀರೊಳಗೇ ಇರುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕಲ್ಲಿನ ಮೈ ಹೊರಗೆ ಬರುತ್ತದೆ, ಆಗ ಜನ ಹೋಗಿ ಕಾಯಿ ಒಡೆದು ಬರುತ್ತಾರೆ.

ಕಾಲುವೆಯ ಕೊನೆಯಲ್ಲಿ ಕಬ್ಬು

ಮೂಡಲಗಿ ದನಗಳ ಸಂತೆಗೆ ಹೆಸರಾದ ಊರು. ಎರೆಭೂಮಿಯಲ್ಲಿ ಜೋಳ, ಹತ್ತಿ, ಕಡಲೆ ಬೆಳೆಯುತ್ತಿದ್ದ ಕಾಲದಲ್ಲಿ ಎತ್ತಿನ ಬೆಲೆಯೇ ಒಕ್ಕಲಿನ ಬೆಲೆ. ನೂರು ವರ್ಷಗಳ ಕಾಲುವೆ ಅದನ್ನೆಲ್ಲ ಮಗುಚಿ ಹಾಕಿತು. ನೀರು ಬಂದ ಹೊಲದಲ್ಲಿ ಕಬ್ಬು ನಿಂತಿತು, ಕಬ್ಬು ನಿಂತಲ್ಲಿ ಕಾರ್ಖಾನೆ ಬಂತು. ಮೊದಲು ಸಹಕಾರಿ, ಆಮೇಲೆ ಖಾಸಗಿ. ಚಳಿಗಾಲ ಬಂತೆಂದರೆ ಎರಡೆರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ರಸ್ತೆ ತುಂಬುತ್ತವೆ. ಕಬ್ಬು ಕಡಿಯುವ ಗ್ಯಾಂಗುಗಳು ಬಯಲಲ್ಲಿ ಗುಡಿಸಲು ಹಾಕುತ್ತವೆ. ಅರಭಾವಿಯ ತೋಟಗಾರಿಕೆ ಕಾಲೇಜು, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಹೆಸರು ಮಾಡಿದ ಮೂಡಲಗಿ ಶೈಕ್ಷಣಿಕ ವಲಯ, ಇವೆಲ್ಲ ಆ ನೀರಾವರಿ ದುಡ್ಡಿನ ಬೆನ್ನಿಗೆ ಬೆಳೆದ ಆಸೆಗಳು.

ಅಷ್ಟಾದರೂ ಒಂದು ಪಹಣಿ ಬೇಕೆಂದರೆ ಗೋಕಾಕಕ್ಕೇ ಹೋಗಬೇಕಿತ್ತು. 2017ರಲ್ಲಿ ಸರ್ಕಾರ ಹೊಸ ತಾಲ್ಲೂಕುಗಳ ಪಟ್ಟಿಯಿಂದ ಮೂಡಲಗಿಯನ್ನು ಕೈಬಿಟ್ಟಾಗ ಊರು ಎದ್ದು ಕೂತಿತು. ಧರಣಿ, ಬಂದ್, ಪಾದಯಾತ್ರೆಗಳಿಗೆ ಮಣಿದು ಸರ್ಕಾರ ಹೆಸರು ಸೇರಿಸಿತು. 2018ರಲ್ಲಿ ತಾಲ್ಲೂಕು ಕಚೇರಿ ಕೆಲಸ ಶುರುಮಾಡಿತು. ಗೋಕಾಕವನ್ನು ಜಿಲ್ಲೆ ಮಾಡಬೇಕೆಂಬ ದಶಕಗಳ ಬೇಡಿಕೆ ಮಾತ್ರ ಇನ್ನೂ ಬೇಡಿಕೆಯಾಗಿಯೇ ಇದೆ.

2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ರಸ್ತೆಯಲ್ಲೇ ಬೀಡುಬಿಟ್ಟರು. ಟನ್ನಿಗೆ 3500 ರೂಪಾಯಿ ಬೇಕೆಂಬುದು ಅವರ ಹಟ. ಅಲ್ಲೇ ಒಲೆ, ಅಲ್ಲೇ ರೊಟ್ಟಿ, ಅಲ್ಲೇ ಭಜನೆ. ಹಳ್ಳಿಗಳಿಂದ ಬುತ್ತಿಗಂಟು ಬರುತ್ತಲೇ ಇದ್ದವು. ಹೋರಾಟ ಬೇರೆ ಜಿಲ್ಲೆಗಳಿಗೂ ಹಬ್ಬಿತು. ನವೆಂಬರ್ ಮೊದಲ ವಾರದ ಕೊನೆಗೆ ಮುಖ್ಯಮಂತ್ರಿಗಳು ಕಾರ್ಖಾನೆ ಮಾಲೀಕರನ್ನೂ ರೈತರನ್ನೂ ಕರೆದು 3300 ರೂಪಾಯಿಗೆ ತೀರ್ಮಾನ ಮಾಡಿದರು. ಹಿರಣ್ಯಕೇಶಿಯ ದಂಡೆಯಲ್ಲಿ ಅರ್ಧ ಶತಮಾನಕ್ಕೂ ಹಿಂದೆ ರೈತರೇ ಮಾಲೀಕರಾಗಿ ಕಾರ್ಖಾನೆ ಕಟ್ಟಿದ್ದರು. ಅದೇ ಕಣಿವೆಯ ಕೆಳಗಿನ ತುದಿಯಲ್ಲಿ ಈಗ ರೈತರು ಗೇಟಿನ ಹೊರಗೆ ನಿಂತು ದರ ಕೇಳುತ್ತಿದ್ದಾರೆ. ಈ ನಡುವಿನ ವರ್ಷಗಳಲ್ಲಿ ಕಬ್ಬು ಹೆಚ್ಚಿತು, ಕಾರ್ಖಾನೆ ಹೆಚ್ಚಿದವು, ಬೆಳೆದವನ ಮಾತಿನ ತೂಕ ಮಾತ್ರ ಇಳಿಯಿತು.

ನೀರು ಹೆಚ್ಚಾದಾಗ

2019ರ ಆಗಸ್ಟ್‌ನಲ್ಲಿ ಘಟ್ಟದ ಮಳೆ ನಿಲ್ಲಲಿಲ್ಲ. ಹಿಡಕಲ್ ತುಂಬಿ ಗೇಟು ತೆರೆದರು. ಆಣೆಕಟ್ಟಿನ ತಡೆಗೆ ಸಿಗದ ಹಿರಣ್ಯಕೇಶಿ ಬೇರೆ ಉಕ್ಕಿತು, ಮಾರ್ಕಂಡೇಯವೂ ಕೂಡಿತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಹಳೆಯ ಓಣಿಗಳಲ್ಲಿ ದೋಣಿ ಓಡಾಡಿದವು. ಮಣ್ಣಿನ ಗೋಡೆಗಳು ನೆನೆದು ಕುಳಿತವು. ಅಂಗಡಿಗಳೊಳಗೆ ಮಾಲು ಕೊಳೆಯಿತು. ನೀರು ಇಳಿಯಿತೆನ್ನುವಷ್ಟರಲ್ಲಿ, ಅಕ್ಟೋಬರಿನಲ್ಲಿ, ಊರ ಮೇಲಿನ ಮಲ್ಲಿಕಾರ್ಜುನ ಗುಡ್ಡದಲ್ಲಿ ದೊಡ್ಡ ಬಂಡೆಗಳು ಬುಡ ಸಡಿಲಿಸಿಕೊಂಡು ಉರುಳಲು ನಿಂತವು. ಕೆಳಗಿನ ಮನೆಗಳವರನ್ನು ಎಬ್ಬಿಸಿ ಕಳಿಸಿ, ಪರಿಣತರನ್ನು ಕರೆಸಿ ಬಂಡೆ ಒಡೆಸಿದರು. ಕೆಳಗೆ ಹೊಳೆ, ಮೇಲೆ ಗುಡ್ಡ, ನಡುವೆ ಊರು. ಗೋಕಾಕದ ಭೂಗೋಳ ಆ ವರ್ಷ ಶಾಲೆಯ ಪಾಠವಾಗಿ ಉಳಿಯಲಿಲ್ಲ. 2021ರಲ್ಲೂ 2024ರಲ್ಲೂ ನೀರು ಮತ್ತೆ ಓಣಿಗೆ ಬಂತು.

ಬೇಸಿಗೆಯಲ್ಲಿ ಇದೇ ನೀರಿಗೆ ಪಾಲು ಕೇಳುವವರು ಸಾಲುಗಟ್ಟುತ್ತಾರೆ. ಎಡದಂಡೆ ಕಾಲುವೆ, ಬಲದಂಡೆ ಕಾಲುವೆ, ಸಕ್ಕರೆ ಕಾರ್ಖಾನೆ, ಜವಳಿ ಗಿರಣಿ, ಬೆಳಗಾವಿಯ ನಲ್ಲಿ. ಹಿಡಕಲ್ಲಿನಿಂದ ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಕೊಳವೆ ಎಳೆಯುವ ಯೋಜನೆಯೂ ಬಂದು, ಬೆಳಗಾವಿಯಲ್ಲಿ ಅದಕ್ಕೆ ವಿರೋಧವೂ ಎದ್ದಿತು. ನೀರು ಕಡಿಮೆ ಇದ್ದಾಗ ಇಷ್ಟು ಮಂದಿ ಹಕ್ಕುದಾರರು. ನೀರು ಹೆಚ್ಚಾದಾಗ ಹಕ್ಕುದಾರರೆಲ್ಲ ಸರಿದು, ಹೊಳೆ ಸಾಲಿನ ಬಡ ಓಣಿಗಳವರು ಮಾತ್ರ ಎದುರಿಗೆ ಸಿಗುತ್ತಾರೆ.

ಈ ಕಣಿವೆಗೆ ಆಣೆಕಟ್ಟಿನ ಕೊರತೆಯಿಲ್ಲ, ಕಾಲುವೆಯ ಕೊರತೆಯೂ ಇಲ್ಲ. ಒಂದೇ ಹೊಳೆಯ ಮೇಲಿನವರು, ಕೆಳಗಿನವರು ಒಂದೆಡೆ ಕೂತು ಲೆಕ್ಕ ಒಪ್ಪಿಸುವ ಜಾಗದ ಕೊರತೆಯಿದೆ. ಗೇಟು ಯಾವಾಗ ಎತ್ತಬೇಕು, ಮಳೆಗಾಲದ ನಡುವೆ ಎಷ್ಟು ಜಾಗ ಖಾಲಿ ಇಡಬೇಕು, ಮುಳುಗುವ ಓಣಿಯನ್ನು ಎಲ್ಲಿಗೆ ಸಾಗಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಇಂದು ದಫ್ತರಗಳಲ್ಲಿ ತಯಾರಾಗಿ ಧ್ವನಿವರ್ಧಕದಲ್ಲಿ ಕೆಳಗಿಳಿಯುತ್ತದೆ. ಕರೆಂಟಿನಂಥ ತಾಂತ್ರಿಕ ವಿಷಯವನ್ನು ಒಕ್ಕಲು ಮಕ್ಕಳು ನಡೆಸಲಾರರೆಂದು 1969ರಲ್ಲೂ ಹೇಳುವವರಿದ್ದಿರಬೇಕು. ಐವತ್ತು ವರ್ಷ ದಾಟಿದರೂ ಹುಕ್ಕೇರಿಯ ಸಂಘ ತನ್ನ ಜಗಳ, ಪಕ್ಷ, ಬಾಕಿಗಳ ಸಮೇತ ಬಿಲ್ಲು ಬರೆಯುತ್ತಲೇ ಇದೆ. ಹಿಡಕಲ್ಲಿನ ಗೇಟಿನ ತೀರ್ಮಾನ ಆಗುವ ಮೇಜಿನ ಸುತ್ತ ಗೋಕಾಕದ ಓಣಿಯವನಿಗೂ ಮೂಡಲಗಿಯ ಕಬ್ಬಿನವನಿಗೂ ಹುಕ್ಕೇರಿಯ ಹಿನ್ನೀರಿನವನಿಗೂ ಕುರ್ಚಿ ಹಾಕುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ. ಘಟ್ಟದ ಮಳೆ ಯಾರ ಹಿಡಿತಕ್ಕೂ ಸಿಗದು. ಗೇಟಿನ ಚಾವಿ ಮಾತ್ರ ಮನುಷ್ಯರ ಕೈಯಲ್ಲೇ ಇದೆ.